ನಂಬಿಕೆಗೊಂದು ನಾಲಿಗೆ: ಗೋದಾವರಿ ಸೀಮೆಯಿಂದ ಹನ್ನೆರಡು ಸೂತ್ರಗಳು

ನಾಸಿಕದ ಸಾತಪುರ, ಅಂಬಡ. ಛತ್ರಪತಿ ಸಂಭಾಜಿನಗರದ ವಾಳೂಜ್, ಶೇಂದ್ರಾ. ಈ ಕೈಗಾರಿಕಾ ಪ್ರದೇಶಗಳಿಗೆ ದುಡಿಯಲು ಹೋದ, ಅಲ್ಲಿನ ಕಾಲೇಜುಗಳಿಗೆ ಓದಲು ಹೋದ ಕನ್ನಡದ ಕ್ರೈಸ್ತ ಹುಡುಗ ಹುಡುಗಿಯರಿಗೆ ಊಟದ ಬಿಡುವಿನಲ್ಲಿ ಒಂದಲ್ಲ ಒಂದು ದಿನ ಆ ಪ್ರಶ್ನೆ ಬಂದೇ ಬರುತ್ತದೆ: ‘ನೀನು ಅದನ್ನೆಲ್ಲ ನಂಬುವುದಾದರೂ ಯಾಕೆ?’ ಕೆಲವರು ನಕ್ಕು ಮಾತು ಹಾರಿಸುತ್ತಾರೆ. ಕೆಲವರು ಮೈಮೇಲೆ ಬಂದವರಂತೆ ವಾದಕ್ಕಿಳಿಯುತ್ತಾರೆ. ಪೇತ್ರನ ಮೊದಲ ಪತ್ರದ ಮೂರನೆಯ ಅಧ್ಯಾಯ ಈ ಎರಡನ್ನೂ ಒಪ್ಪುವುದಿಲ್ಲ. ಕಾರಣ ಕೇಳಿದವರಿಗೆ ಕಾರಣ ಕೊಡಲು ಸದಾ ಸಿದ್ಧರಿರಿ, ಕೊಡುವಾಗ ಸೌಮ್ಯವಾಗಿರಿ ಎಂಬುದು ಅದರ ತಾತ್ಪರ್ಯ.

ಇದನ್ನು ಕಲಿಯಲು ದೂರ ಹೋಗಬೇಕಿಲ್ಲ. ಮರಾಠಿ ನಾಡು ಧರ್ಮದ ವಾದಗಳನ್ನು ಚೆನ್ನಾಗಿ ಕಂಡಿದೆ. ಅಲ್ಲಿ ಕ್ರೈಸ್ತ ನಂಬಿಕೆಗೆ ಗಟ್ಟಿ ದನಿಯಾದವರಲ್ಲಿ ಹಲವರು ಮೊದಲು ಅದನ್ನು ಗಟ್ಟಿಯಾಗಿ ಪ್ರಶ್ನಿಸಿದವರೇ. ಅವರ ಬದುಕಿನಿಂದ, ಆ ನೆಲದಿಂದ ಹೆಕ್ಕಿದ ಹನ್ನೆರಡು ಸೂತ್ರಗಳು ಇಲ್ಲಿವೆ.

1. ಪಂಡಿತರ ವಾದವೋ, ರಾಜರ ವಾದವೋ? ಮೊದಲೇ ತಿಳಿದುಕೊಳ್ಳಿ

ಡಾ. ಅಂಬೇಡ್ಕರ್ ಅವರ ಪೀಪಲ್ಸ್ ಎಜುಕೇಷನ್ ಸೊಸೈಟಿ 1950ರಲ್ಲಿ ಅಂದು ಔರಂಗಾಬಾದ್ ಎನಿಸಿದ್ದ ಸಂಭಾಜಿನಗರದಲ್ಲಿ ತೆರೆದ ಕಾಲೇಜಿಗೆ ಮಿಲಿಂದನ ಹೆಸರಿದೆ, ಅದರ ಆವರಣಕ್ಕೆ ನಾಗಸೇನನ ಹೆಸರಿದೆ. ಗ್ರೀಕ್ ಮೂಲದ ರಾಜ ಮಿಲಿಂದನಿಗೂ ಬೌದ್ಧ ಭಿಕ್ಷು ನಾಗಸೇನನಿಗೂ ನಡೆದ ಸಂವಾದವೇ ‘ಮಿಲಿಂದ ಪನ್ಹ’. ಅದರಲ್ಲಿ ನಾಗಸೇನ ಒಂದು ಷರತ್ತು ಹಾಕುತ್ತಾನೆ: ಪಂಡಿತರಂತೆ ಮಾತಾಡುವುದಾದರೆ ಸರಿ, ರಾಜರಂತಾದರೆ ಒಲ್ಲೆ. ಪಂಡಿತರು ಸೋತಾಗಲೂ ಸಿಟ್ಟಾಗುವುದಿಲ್ಲ. ರಾಜರು ಎದುರಾಡಿದವನನ್ನು ಶಿಕ್ಷಿಸುತ್ತಾರೆ.

ನೀವೂ ಇದನ್ನೇ ಮಾಡಿ. ಹತ್ತು ಜನರ ಮುಂದೆ ನಿಮ್ಮನ್ನು ಕೆಡವಲೆಂದೇ ಕೇಳಿದ ಪ್ರಶ್ನೆಗೆ, ವಾಟ್ಸ್ಆ್ಯಪ್ ಗುಂಪಿನಲ್ಲಿ ಎಸೆದ ಸವಾಲಿಗೆ ಅಲ್ಲಿಯೇ ಉತ್ತರ ಕೊಡಬೇಕೆಂಬ ಕಟ್ಟುಪಾಡಿಲ್ಲ. ‘ಸಂಜೆ ಚಹಾಕ್ಕೆ ಸಿಗೋಣ, ಪೂರ್ತಿ ಮಾತಾಡೋಣ’ ಎನ್ನಿ. ನಿಜವಾಗಿ ತಿಳಿಯಬೇಕೆನ್ನುವವನು ಬರುತ್ತಾನೆ.

2. ಮೊದಲು ಪೂರ್ವಪಕ್ಷ, ಆಮೇಲೆ ಸಿದ್ಧಾಂತ

ನಮ್ಮ ಶಾಸ್ತ್ರಕಾರರ ಶಿಸ್ತು ಇದು. ಎದುರಾಳಿಯ ಮಾತನ್ನು ಅವನೇ ತಲೆದೂಗುವಂತೆ ಹೇಳಿದ ಮೇಲಷ್ಟೇ ಖಂಡನೆಗೆ ಹಕ್ಕು. 1839ರಲ್ಲಿ ಜಾನ್ ಮ್ಯೂರ್ ಎಂಬ ಸ್ಕಾಟಿಷ್ ಅಧಿಕಾರಿ ಸಂಸ್ಕೃತದಲ್ಲಿ ‘ಮತಪರೀಕ್ಷಾ’ ಬರೆದು ಕ್ರೈಸ್ತ ಮತವನ್ನು ಎತ್ತಿಹಿಡಿದಾಗ, ಅದಕ್ಕೆ ಸಂಸ್ಕೃತದಲ್ಲೇ ಉತ್ತರ ಕೊಟ್ಟವರಲ್ಲಿ ಕಾಶಿಯ ಮರಾಠಿ ಬ್ರಾಹ್ಮಣ ತರುಣ ನೀಲಕಂಠ ಗೋರೆ ಒಬ್ಬ. ಅವನ ‘ಶಾಸ್ತ್ರತತ್ತ್ವವಿನಿರ್ಣಯ’ ಕ್ರೈಸ್ತ ಮತದ ಖಂಡನೆ. ಖಂಡಿಸಲೆಂದು ಓದಿದ್ದು ಅವನನ್ನು ಬಿಡಲಿಲ್ಲ. 1848ರಲ್ಲಿ ದೀಕ್ಷಾಸ್ನಾನ ಪಡೆದು ನೆಹೆಮಿಯಾ ಗೋರೆ ಆದ. 1860ರಲ್ಲಿ ‘ಷಡ್ದರ್ಶನ ದರ್ಪಣ’ ಬರೆದು ತಾನು ಬಿಟ್ಟುಬಂದ ದರ್ಶನಗಳನ್ನು ಒಂದೊಂದಾಗಿ ವಿಮರ್ಶಿಸಿದ.

ಗೋರೆಯ ತೀರ್ಮಾನಗಳನ್ನು ಯಾರು ಬೇಕಾದರೂ ಪ್ರಶ್ನಿಸಬಹುದು. ಆದರೆ ಅವನಿಗೆ ದರ್ಶನಗಳು ಗೊತ್ತಿರಲಿಲ್ಲ ಎಂದು ಯಾರೂ ಹೇಳಲಾರರು. ಕರ್ಮ, ಮಾಯೆ, ಮೋಕ್ಷ ಎಂಬವುಗಳನ್ನು ಕರಪತ್ರದ ಎರಡು ಸಾಲಿನಿಂದ ಕಲಿತು ವಾದಕ್ಕೆ ನಿಲ್ಲಬೇಡಿ. ಗೆಳೆಯನ ನಂಬಿಕೆಯನ್ನು ನಿಮ್ಮ ಮಾತಿನಲ್ಲಿ ಹೇಳಿ, ‘ಸರಿಯಾಗಿ ಹೇಳಿದೆನೇ?’ ಎಂದು ಕೇಳಿ. ಅವನು ಹೌದೆಂದ ಮೇಲೆ ಮುಂದಿನ ಮಾತು.

3. ಪ್ರಶ್ನಿಸುವವರಿಗೆ ಕುರ್ಚಿ ಕೊಡಿ

ಕೊಂಕಣದಲ್ಲಿ ಹುಟ್ಟಿ ಓದಲೆಂದು ನಾಸಿಕಕ್ಕೆ ಬಂದ ಮರಾಠಿ ಕವಿ ನಾರಾಯಣ ವಾಮನ ಟಿಳಕರು 1893ರಲ್ಲಿ ರೈಲಿನಲ್ಲಿ ಹೋಗುತ್ತಿದ್ದಾಗ ಸಹಪ್ರಯಾಣಿಕನೊಬ್ಬ ಹೊಸ ಒಡಂಬಡಿಕೆಯ ಪ್ರತಿ ಕೊಟ್ಟ. ಅವರು ಅದನ್ನು ಶ್ರದ್ಧೆಯಿಂದಲ್ಲ, ಪರೀಕ್ಷಿಸಲೆಂದು ಓದಿದರು. ಪರ್ವತ ಪ್ರಸಂಗಕ್ಕೆ ಬಂದಾಗ ಮನಸ್ಸು ನಿಂತಿತು. ಆಮೇಲೂ ಓದು, ಪತ್ರ, ತರ್ಕ ನಡೆದೇ ಇತ್ತು. ದೀಕ್ಷಾಸ್ನಾನವಾದದ್ದು 1895ರ ಫೆಬ್ರವರಿಯಲ್ಲಿ.

ಪಂಡಿತಾ ರಮಾಬಾಯಿ ಇನ್ನೂ ಹಟದವರು. 1858ರಲ್ಲಿ ನಮ್ಮ ಸಹ್ಯಾದ್ರಿಯ ಗಂಗಾಮೂಲದಲ್ಲಿ ಹುಟ್ಟಿದವರು. ಗೋರೆಯ ಬರಹಗಳು ಅವರ ಮನಸ್ಸನ್ನು ತಿದ್ದಿದ್ದವು. 1883ರಲ್ಲಿ ಇಂಗ್ಲೆಂಡಿನ ವಾಂಟೇಜಿನಲ್ಲಿ ದೀಕ್ಷಾಸ್ನಾನವಾದ ಮೇಲೂ ತ್ರಯೈಕ್ಯದ ಬಗ್ಗೆ, ಚರ್ಚಿನ ಅಧಿಕಾರದ ಬಗ್ಗೆ ಪತ್ರದ ಮೇಲೆ ಪತ್ರ ಬರೆದು ವಾದಿಸಿದರು. ತನ್ನ ಅಂತಃಸಾಕ್ಷಿಗೆ ಒಪ್ಪದ್ದನ್ನು ಯಾರ ಮಾತಿಗೂ ಒಪ್ಪಲಿಲ್ಲ. ಇಂಥವರನ್ನು ‘ಅವಿಶ್ವಾಸಿ’ ಎಂದು ಹೊರಗಟ್ಟಿದ್ದರೆ ನಷ್ಟ ಯಾರಿಗೆ? ನಿಮ್ಮ ಸಭೆಯ ಯುವಕ ಯುವತಿಯರ ಸಂದೇಹಕ್ಕೂ ಈ ಕುರ್ಚಿ ಬೇಕು.

4. ತಿರುಳನ್ನು ಎರಡು ನಿಮಿಷದಲ್ಲಿ ಹೇಳಲು ಕಲಿಯಿರಿ, ಪುರಾವೆಯನ್ನು ತೂಗಿ ಕೊಡಿ

ಕ್ರೈಸ್ತ ನಂಬಿಕೆ ನಿಂತಿರುವುದು ಇತಿಹಾಸದಲ್ಲಿ ನಡೆಯಿತೆನ್ನುವ ಒಂದು ಘಟನೆಯ ಮೇಲೆ: ಯೇಸು ಶಿಲುಬೆಯಲ್ಲಿ ಸತ್ತ, ದೇವರು ಅವನನ್ನು ಎಬ್ಬಿಸಿದ. ಅದು ಸುಳ್ಳಾದರೆ ತನ್ನ ನಂಬಿಕೆಯೂ ವ್ಯರ್ಥವೆಂದು ಪೌಲನೇ ಕೊರಿಂಥದವರಿಗೆ ಬರೆದಿದ್ದಾನೆ. ಆದ್ದರಿಂದ ಮಾತು ಅಲ್ಲಿಗೆ ಬರಲಿ, ನೋಹನ ನಾವೆಯ ಅಳತೆಯಲ್ಲಿ ಕಳೆದುಹೋಗದಿರಲಿ.

ಕೈಯಲ್ಲಿರಬೇಕಾದದ್ದು ನಾಲ್ಕೇ ಸಂಗತಿ. ಒಂದು, ಪೌಲನ ಆ ಪತ್ರ ಕ್ರಿ.ಶ. 55ರ ಆಸುಪಾಸಿನದು; ಶಿಲುಬೆಯ ಘಟನೆಯಾಗಿ ಸುಮಾರು 25 ವರ್ಷವಷ್ಟೇ. ಅದರ 15ನೇ ಅಧ್ಯಾಯದಲ್ಲಿರುವ ಸಾಕ್ಷಿಗಳ ಪಟ್ಟಿ ತನಗೆ ಹಿಂದಿನವರಿಂದ ಬಂದದ್ದೆಂದು ಅವನು ಹೇಳುತ್ತಾನೆ. ಎರಡು, ಕ್ರೈಸ್ತನಲ್ಲದ ರೋಮನ್ ಇತಿಹಾಸಕಾರ ಟ್ಯಾಸಿಟಸ್, ಪಿಲಾತನ ಆಳ್ವಿಕೆಯಲ್ಲಿ ಕ್ರಿಸ್ತನಿಗೆ ಮರಣದಂಡನೆಯಾಯಿತೆಂದು ದಾಖಲಿಸಿದ್ದಾನೆ. ಮೂರು, ನಾಲ್ಕೂ ಸುವಾರ್ತೆಗಳು ಬರಿದಾದ ಸಮಾಧಿಯ ಮೊದಲ ಸಾಕ್ಷಿಗಳೆಂದು ಹೆಸರಿಸುವುದು ಹೆಂಗಸರನ್ನು. ಹೆಣ್ಣಿನ ಸಾಕ್ಷ್ಯಕ್ಕೆ ಹೆಚ್ಚು ಕಿಮ್ಮತ್ತಿಲ್ಲದ ಕಾಲದಲ್ಲಿ ಕಥೆ ಕಟ್ಟುವವರು ಹಾಗೆ ಕಟ್ಟುತ್ತಿರಲಿಲ್ಲ. ನಾಲ್ಕು, ಹೆದರಿ ಓಡಿದ್ದ ಶಿಷ್ಯರು ಮತ್ತೆ ಬಂದು ಅದೇ ಯೆರೂಸಲೇಮಿನಲ್ಲಿ ಸಾರಿದರು.

ಯಹೂದಿ ಇತಿಹಾಸಕಾರ ಜೋಸೆಫಸನನ್ನು ಹೆಸರಿಸುವುದಾದರೆ, ಅವನ ಒಂದು ಭಾಗವನ್ನು ಮುಂದಿನ ಕ್ರೈಸ್ತ ಲಿಪಿಕಾರರು ತಿದ್ದಿದ್ದಾರೆಂಬ ವಿದ್ವಾಂಸರ ಅಭಿಪ್ರಾಯವನ್ನೂ ನೀವೇ ಹೇಳಿಬಿಡಿ. ಇಷ್ಟರಿಂದ ಪುನರುತ್ಥಾನ ಗಣಿತದಂತೆ ಸಿದ್ಧವಾಗುವುದಿಲ್ಲ. ನಂಬುವುದು ಮೂಢತನವಲ್ಲ ಎಂಬುದು ಸಿದ್ಧವಾಗುತ್ತದೆ. ಅಷ್ಟೇ ಹೇಳಿ, ಅದಕ್ಕಿಂತ ಒಂದು ಗುಲಗಂಜಿಯೂ ಹೆಚ್ಚು ಬೇಡ.

5. ‘ಎಲ್ಲ ದಾರಿಯೂ ಒಂದೇ’ ಎಂದವರನ್ನು ಎಲ್ಲೋರಕ್ಕೆ ಕರೆದೊಯ್ಯಿರಿ

ಕುಂಭಮೇಳದ ಊರಾದ ನಾಸಿಕದಲ್ಲಿ ಹೆಚ್ಚಾಗಿ ಕೇಳುವ ಮಾತು ಇದು. ಪ್ರೀತಿಯಿಂದ ಬರುವ ಮಾತು, ಹಾಗಾಗಿ ಒರಟಾಗಿ ತಳ್ಳಬೇಡಿ. ಸಂಭಾಜಿನಗರದಿಂದ ಸುಮಾರು 30 ಕಿಲೋಮೀಟರ್ ದೂರದ ಎಲ್ಲೋರಾದಲ್ಲಿ 34 ಗುಹೆಗಳಿವೆ: ಮೊದಲ 12 ಬೌದ್ಧರವು, 13ರಿಂದ 29 ಹಿಂದೂಗಳವು, ಕೊನೆಯ ಐದು ಜೈನರವು. 16ನೆಯದು ನಮ್ಮ ರಾಷ್ಟ್ರಕೂಟರ ಒಂದನೆಯ ಕೃಷ್ಣ ಕಡೆಸಿದ ಕೈಲಾಸ.

ಈ ಗುಹೆಗಳು ಒಂದೇ ಬಂಡೆಸಾಲಿನಲ್ಲಿವೆ. ಒಂದೇ ಮಾತು ಹೇಳುವುದಿಲ್ಲ. ನಿತ್ಯವಾದ ಆತ್ಮವಿಲ್ಲ ಎನ್ನುತ್ತಾರೆ ಬೌದ್ಧರು. ಪ್ರತಿ ಜೀವಕ್ಕೂ ಅದರದೇ ಆತ್ಮವಿದೆ, ಸೃಷ್ಟಿಕರ್ತ ಬೇಕಿಲ್ಲ ಎನ್ನುತ್ತಾರೆ ಜೈನರು. ಶಿವನೇ ಎಲ್ಲಕ್ಕೂ ಒಡೆಯ ಎನ್ನುತ್ತಾರೆ ಶೈವರು. ಅಲ್ಲಿಯ ಭಿಕ್ಷುವನ್ನೋ ಮುನಿಯನ್ನೋ ಕರೆದು ‘ನೀವೆಲ್ಲ ಹೇಳುವುದು ಒಂದೇ ಅಲ್ಲವೇ?’ ಎಂದಿದ್ದರೆ ಅವರು ಒಪ್ಪುತ್ತಿರಲಿಲ್ಲ. ಆದರೂ ಪಕ್ಕಪಕ್ಕದಲ್ಲೇ ಕಡೆದರು.

ನಿಮ್ಮ ಉತ್ತರ ಇಲ್ಲಿದೆ. ಭೇದವನ್ನು ಭೇದವೆಂದು ಹೇಳಿದರೆ ನೆರೆಹೊರೆ ಕೆಡುವುದಿಲ್ಲ. ಯೇಸುವಿನ ಬಗ್ಗೆ ನೀವು ಹೇಳುವುದು ಇತರರು ಹೇಳುವುದಕ್ಕಿಂತ ಬೇರೆ ಎಂದು ಸ್ಪಷ್ಟವಾಗಿ ಹೇಳಿ. ಹೇಳಿ ಪಕ್ಕದಲ್ಲೇ ಕೂತು ಊಟ ಮಾಡಿ.

6. ‘ವಿದೇಶಿ ಧರ್ಮ’ ಎಂದಾಗ ಕಾಲಾನುಕ್ರಮ ಗೊತ್ತಿರಲಿ

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳಬೇಡಿ. ಆರನೆಯ ಶತಮಾನದ ಗ್ರೀಕ್ ವರ್ತಕ ಕಾಸ್ಮಾಸ್, ‘ಕಲ್ಲಿಯಾನ’ ಎಂಬ ಊರಿನಲ್ಲಿ ಪರ್ಷಿಯಾದಿಂದ ನೇಮಕವಾದ ಬಿಷಪ್ ಇದ್ದಾನೆಂದು ಬರೆದಿದ್ದಾನೆ. ಅದು ನಾಸಿಕದಿಂದ ಕಸಾರಾ ಘಾಟ್ ಇಳಿದರೆ ಸಿಗುವ ಕಲ್ಯಾಣ ಎಂದು ಹಲವರ ಮತ. ನಮ್ಮ ಉಡುಪಿ ಬಳಿಯ ಕಲ್ಯಾಣಪುರ ಎನ್ನುವವರೂ ಇದ್ದಾರೆ. ಜೆಸ್ವಿಟ್ ಪಾದ್ರಿ ಥಾಮಸ್ ಸ್ಟೀಫನ್ಸ್ ಮರಾಠಿ ಓವಿಗಳಲ್ಲಿ ಬರೆದ ‘ಕ್ರಿಸ್ತಪುರಾಣ’ 1616ರಲ್ಲಿ ಅಚ್ಚಾಯಿತು. ಬ್ರಿಟಿಷ್ ಆಳ್ವಿಕೆಗೂ ಕ್ರೈಸ್ತ ನಂಬಿಕೆಗೂ ಒಂದೇ ಹುಟ್ಟುದಿನವಲ್ಲ.

ಆದರೆ ಅರ್ಧ ಕಥೆ ಹೇಳಬೇಡಿ. 1560ರಲ್ಲಿ ಗೋವೆಯಲ್ಲಿ ಶುರುವಾದ ಇಂಕ್ವಿಜಿಷನ್ನಿನ ಕ್ರೌರ್ಯವನ್ನು ಕೇಳುವ ಮೊದಲೇ ಒಪ್ಪಿಕೊಳ್ಳಿ. 19ನೇ ಶತಮಾನದ ಮಿಷನ್ನುಗಳು ವಸಾಹತು ಆಳ್ವಿಕೆಯ ನೆರಳಲ್ಲಿ ಬೆಳೆದವೆಂಬುದನ್ನೂ ಒಪ್ಪಿಕೊಳ್ಳಿ. ಅದೇ ನೆರಳಲ್ಲೇ ನಾಸಿಕದ ಶರಣಪುರವೂ ಬೆಳೆಯಿತು. ಗುಲಾಮರ ಹಡಗುಗಳಿಂದ ಬಿಡಿಸಿದ ಆಫ್ರಿಕಾದ ಮಕ್ಕಳಿಗೆ ಚರ್ಚ್ ಮಿಷನರಿ ಸೊಸೈಟಿ ಅಲ್ಲಿ ಓದು, ಕಸುಬು ಕಲಿಸಿತು. ನಾಸಿಕದಲ್ಲಿ ಓದಿದ ಜೇಕಬ್ ವೇನ್‌ರೈಟ್ 1873ರಲ್ಲಿ ಆಫ್ರಿಕಾದ ಕಾಡಿನಲ್ಲಿ ಡೇವಿಡ್ ಲಿವಿಂಗ್‌ಸ್ಟನ್ನಿಗೆ ಅಂತ್ಯಸಂಸ್ಕಾರದ ಪ್ರಾರ್ಥನೆ ಓದಿದ. ಮರುವರ್ಷ ಲಂಡನ್ನಿನಲ್ಲಿ ಶವಪೆಟ್ಟಿಗೆಗೆ ಹೆಗಲು ಕೊಟ್ಟವರಲ್ಲಿ ಒಬ್ಬನಾದ. ಆ ಕ್ರೌರ್ಯ, ಈ ಸೇವೆ ಎರಡೂ ಸತ್ಯವೇ. ಎರಡನ್ನೂ ಹೇಳುವವನ ಮಾತನ್ನು ಜನ ನಂಬುತ್ತಾರೆ.

7. ಜಾತಿಯ ಪ್ರಶ್ನೆಗೆ ಬೆನ್ನು ತಿರುಗಿಸಬೇಡಿ

ನಾಸಿಕದ ಕಾಳಾರಾಮ ಮಂದಿರ ಪ್ರವೇಶಕ್ಕೆ ಅಂಬೇಡ್ಕರರ ನೇತೃತ್ವದಲ್ಲಿ ಸತ್ಯಾಗ್ರಹ ಶುರುವಾದದ್ದು 1930ರ ಮಾರ್ಚಿನಲ್ಲಿ. ವರ್ಷಗಟ್ಟಲೆ ನಡೆದರೂ ಬಾಗಿಲು ತೆರೆಯಲಿಲ್ಲ. 1935ರ ಅಕ್ಟೋಬರ್ 13ರಂದು ಅದೇ ಜಿಲ್ಲೆಯ ಯೇವಲಾದಲ್ಲಿ, ತಾನು ಹಿಂದೂವಾಗಿ ಸಾಯುವುದಿಲ್ಲವೆಂದು ಅವರು ಘೋಷಿಸಿದರು. ಕ್ರೈಸ್ತ ನಾಯಕರೂ ಆಗ ಅವರತ್ತ ನೋಡಿದರು. ಆದರೆ ಚರ್ಚಿನೊಳಗೂ ಜಾತಿ ಉಳಿದಿದೆ, ಮತಾಂತರಗೊಂಡವರ ಪಾಡು ಬದಲಾಗಿಲ್ಲ ಎಂದು ಅಂಬೇಡ್ಕರ್ ಖಾರವಾಗಿ ಬರೆದರು. 1956ರಲ್ಲಿ ಬೌದ್ಧ ಧರ್ಮಕ್ಕೆ ಹೋದರು.

ನಾಸಿಕದಲ್ಲಾಗಲಿ ಮರಾಠವಾಡದಲ್ಲಾಗಲಿ ಅಂಬೇಡ್ಕರ್‌ವಾದಿ ಗೆಳೆಯ ಈ ಮಾತು ಎತ್ತಿದರೆ, ‘ಬೈಬಲ್ ಹಾಗೆ ಹೇಳುವುದಿಲ್ಲ’ ಎಂದು ತಪ್ಪಿಸಿಕೊಳ್ಳಬೇಡಿ. ಅವನು ಕೇಳಿದ್ದು ಬೈಬಲಿನ ಬಗ್ಗೆ ಅಲ್ಲ, ನಿಮ್ಮ ಬಗ್ಗೆ. ನಿಮ್ಮ ಸಭೆಯಲ್ಲಿ ಮದುವೆ ಯಾರ ನಡುವೆ ಆಗುತ್ತದೆ, ಸ್ಮಶಾನದಲ್ಲಿ ಗೋಡೆ ಇದೆಯೇ, ಪಾಲಕ ಸಮಿತಿಯಲ್ಲಿ ಯಾರಿದ್ದಾರೆ? ಮೊದಲು ಅದನ್ನು ಸರಿಪಡಿಸಿ. 1950ರ ಪರಿಶಿಷ್ಟ ಜಾತಿ ಆದೇಶ 1956ರಲ್ಲಿ ಸಿಖ್ಖರಿಗೂ 1990ರಲ್ಲಿ ಬೌದ್ಧರಿಗೂ ವಿಸ್ತರಿಸಿ, ದಲಿತ ಕ್ರೈಸ್ತರನ್ನು ಹೊರಗೇ ಇಟ್ಟಿದೆ ಎಂಬ ಸಂಗತಿಯೂ ನಿಮಗೆ ಗೊತ್ತಿರಬೇಕು.

8. ಮುಸ್ಲಿಂ ಗೆಳೆಯನೊಡನೆ ಬೇರೆ ಪುಟದಿಂದ ಶುರುಮಾಡಿ

ಸಂಭಾಜಿನಗರದಲ್ಲಿ ಈ ಮಾತುಕತೆ ಬೇಗ ಬರುತ್ತದೆ. ಇಲ್ಲಿ ದೇವರಿದ್ದಾನೆಂದು ಸಾಧಿಸಬೇಕಿಲ್ಲ. ಕುರಾನಿನ 19ನೆಯ ಅಧ್ಯಾಯಕ್ಕೆ ಮರಿಯಳ ಹೆಸರೇ ಇದೆ. ಗೌರವ ಆಗಲೇ ಇದೆ. ತೊಡಕಿರುವುದು ಮೂರು ಕಡೆ: ಶಿಲುಬೆ, ತ್ರಯೈಕ್ಯ, ಬೈಬಲ್ ತಿದ್ದಲ್ಪಟ್ಟಿದೆ ಎಂಬ ಆರೋಪ. ಮೂರನೆಯದಕ್ಕೆ ನೇರ ಉತ್ತರವಿದೆ. ವ್ಯಾಟಿಕನ್ ಹಾಗೂ ಸಿನಾಯ್ ಹಸ್ತಪ್ರತಿಗಳು ನಾಲ್ಕನೆಯ ಶತಮಾನದವು, ಇಸ್ಲಾಮಿಗಿಂತ ಹಳೆಯವು. ಅವನ್ನು ಇಂದಿನ ಬೈಬಲಿನೊಡನೆ ಹೋಲಿಸಬಹುದು. ಪಾಠಭೇದಗಳಿವೆ, ಅವನ್ನು ಅಡಿಟಿಪ್ಪಣಿಗಳಲ್ಲಿ ಮುದ್ರಿಸಿಯೇ ಇದ್ದಾರೆ. ತ್ರಯೈಕ್ಯವೆಂದರೆ ಮೂವರು ದೇವರಲ್ಲ ಎಂಬುದನ್ನು ಮೊದಲ ವಾಕ್ಯದಲ್ಲೇ ಹೇಳಿ.

ಧಾಟಿ ಕಲಿಯಬೇಕಾದರೆ ಅದೇ ಜಿಲ್ಲೆಯ ಪೈಠಣಕ್ಕೆ ಹೋಗಿ. 16ನೇ ಶತಮಾನದ ಸಂತ ಏಕನಾಥರ ‘ಹಿಂದೂ-ತುರ್ಕ ಸಂವಾದ’ದಲ್ಲಿ ಇಬ್ಬರೂ ಒಬ್ಬರ ಹುಳುಕನ್ನೊಬ್ಬರು ಎತ್ತಿ ಆಡುತ್ತಾರೆ, ಕೊನೆಗೆ ಅಪ್ಪಿಕೊಳ್ಳುತ್ತಾರೆ.

9. ನೆಲದ ನುಡಿಯಲ್ಲಿ ಹೇಳಿ

ಇಂಗ್ಲೆಂಡಿನಲ್ಲಿ ಲ್ಯಾಟಿನ್ ಬರಹವಿದ್ದ ಶಿಲುಬೆಯ ಮಾತು ಬಂದಾಗ, ಸಂಸ್ಕೃತವಿರುವಾಗ ಲ್ಯಾಟಿನ್ ಯಾಕೆಂದು ರಮಾಬಾಯಿ ಕೇಳಿದರು. ಟಿಳಕರು ಅಭಂಗ ಬರೆದರು, ಕೀರ್ತನೆ ಮಾಡಿದರು. ತುಕಾರಾಮನೇ ತನ್ನನ್ನು ಕ್ರಿಸ್ತನ ಬಳಿಗೆ ದಾಟಿಸಿದನೆಂಬ ಭಾವ ಅವರದು. 1831ರಲ್ಲಿ ಬೆಳಗಾವಿಯಲ್ಲಿ ಹುಟ್ಟಿದ ಬಾಬಾ ಪದಮನಜಿ, ವಿಧವೆಯರ ಗೋಳನ್ನು ಎತ್ತಿಕೊಂಡು 1857ರಲ್ಲಿ ‘ಯಮುನಾ ಪರ್ಯಟನ’ ಎಂಬ ಕಾದಂಬರಿಯನ್ನೇ ಬರೆದರು. ಮರಾಠಿಯ ಮೊದಲ ಕಾದಂಬರಿ ಎಂದು ಅದಕ್ಕೆ ಹೆಸರು. ನಮ್ಮಲ್ಲಿ ಕಿಟ್ಟೆಲ್ 1862ರ ‘ಕಥಾಮಾಲೆ’ಯಲ್ಲಿ ಯೇಸುವಿನ ಕಥೆಯನ್ನು ಕನ್ನಡ ಛಂದಸ್ಸಿಗೆ ತಂದ.

ಅಮೆರಿಕದ ಬೋಧಕರ ವಿಡಿಯೊ ನೋಡಿ ಕಲಿತ ವಾದವನ್ನು ಹಾಗೇ ಒಪ್ಪಿಸಿದರೆ ಸಾತಪುರದ ಫಿಟ್ಟರನಿಗೆ ಅದು ತಟ್ಟುವುದಿಲ್ಲ. ಅವನು ಕೇಳುವುದು ಕರ್ಮದ ಬಗ್ಗೆ, ಹರಕೆಯ ಬಗ್ಗೆ, ಸತ್ತ ಅಪ್ಪನ ಬಗ್ಗೆ. ಉತ್ತರವೂ ಅಲ್ಲಿಂದಲೇ ಹೊರಡಲಿ.

10. ಆಮಿಷ ಬೇಡ, ಅವಸರ ಬೇಡ

ಸಂವಿಧಾನದ 25ನೇ ವಿಧಿ ಧರ್ಮವನ್ನು ನಂಬುವ, ಆಚರಿಸುವ, ಪ್ರಚಾರ ಮಾಡುವ ಹಕ್ಕು ಕೊಟ್ಟಿದೆ. ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯಕ್ಕೆ ಒಳಪಟ್ಟು. 1977ರ ಸ್ಟೇನಿಸ್ಲಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಪ್ರಚಾರದ ಹಕ್ಕೆಂದರೆ ಇನ್ನೊಬ್ಬರನ್ನು ಮತಾಂತರಿಸುವ ಹಕ್ಕಲ್ಲ ಎಂದಿತು. ಕಾನೂನಿನ ಗಡಿ ತಿಳಿದುಕೊಳ್ಳಿ. ನಮ್ಮ ಗಡಿ ಅದಕ್ಕಿಂತ ಒಳಗಿರಲಿ: ಅನ್ನ, ಕೆಲಸ, ಫೀಸು ಕೊಡುವಾಗ ನಂಬಿಕೆಯನ್ನು ಷರತ್ತಾಗಿಸಿದವನು ತನ್ನ ವಾದ ದುರ್ಬಲವೆಂದು ತಾನೇ ಒಪ್ಪಿಕೊಂಡಂತೆ.

ತಾಳ್ಮೆಗೆ ಮಾದರಿ ನಾಸಿಕದ ಮಗಳೇ. ನಾಸಿಕದ ಬಳಿಯ ಜಲಾಲಪುರದಲ್ಲಿ ಹುಟ್ಟಿದ ಲಕ್ಷ್ಮೀಬಾಯಿ, ಗಂಡ ಟಿಳಕರು ಕ್ರೈಸ್ತರಾದಾಗ ಅವರಿಂದ ಬೇರೆಯಾಗಿ ಬದುಕಿದರು. ಮರಳಿ ಬಂದ ಮೇಲೂ ಮಡಿ, ಅಡುಗೆ ಬೇರೆಯೇ. ಜಾತಿಯ ಕಟ್ಟು ಮನುಷ್ಯ ಮಾಡಿದ್ದೆಂದು ತಾವೇ ಯೋಚಿಸಿ ಕಂಡುಕೊಂಡ ನಂತರ, 1900ರಲ್ಲಿ ದೀಕ್ಷಾಸ್ನಾನ ಪಡೆದರು. ಮುಂದೆ ಗಂಡ ಅರ್ಧಕ್ಕೆ ಬಿಟ್ಟುಹೋದ ‘ಖ್ರಿಸ್ತಾಯನ’ ಮಹಾಕಾವ್ಯವನ್ನು ಮುಗಿಸಿದವರೂ, ‘ಸ್ಮೃತಿಚಿತ್ರೆ’ ಎಂಬ ಮರಾಠಿಯ ಅಪೂರ್ವ ಆತ್ಮಕಥೆ ಬರೆದವರೂ ಇದೇ ಲಕ್ಷ್ಮೀಬಾಯಿ. ತಳ್ಳಿದ್ದರೆ ಇಷ್ಟು ಗಟ್ಟಿಯಾಗಿ ನಿಲ್ಲುತ್ತಿದ್ದರೇ?

11. ನೋವಿನ ಪ್ರಶ್ನೆಗೆ ಮೊದಲು ಕೈ, ಆಮೇಲೆ ಬಾಯಿ

ದೇವರಿದ್ದರೆ ಈ ಮಗು ಯಾಕೆ ಸತ್ತಿತು? ಈ ಪ್ರಶ್ನೆಗೆ ಪೂರ್ತಿ ಉತ್ತರ ಯಾರ ಬಳಿಯೂ ಇಲ್ಲ. ‘ಗೊತ್ತಿಲ್ಲ’ ಎನ್ನಲು ಹೆದರಬೇಡಿ. ದೇವರು ಹೊರಗೆ ನಿಂತು ನೋಡಲಿಲ್ಲ, ತಾನೇ ಶಿಲುಬೆಯ ನೋವಿಗೆ ಇಳಿದ ಎಂಬುದು ನಮ್ಮ ನಂಬಿಕೆ. ಅದನ್ನೂ ಆತುರದಲ್ಲಿ ಹೇಳಬೇಡಿ.

ರಮಾಬಾಯಿ ಬರಗಾಲದಲ್ಲಿ ತಂದೆತಾಯಿಯನ್ನು ಕಳೆದುಕೊಂಡವರು. ಆ ನೋವಿಗೆ ಅವರು ಕೊಟ್ಟ ಉತ್ತರ ಕೇಡಗಾಂವದ ಮುಕ್ತಿ ಸದನ: 1896-97ರ ಬರದಲ್ಲಿ ನಿರ್ಗತಿಕರಾದ ನೂರಾರು ಹೆಣ್ಣುಮಕ್ಕಳಿಗೆ ಅದು ಮನೆಯಾಯಿತು. ಅದರ ಕೊಂಬೆ ನಮ್ಮ ಕಲಬುರಗಿಗೂ ಚಾಚಿತು. ಮಗಳು ಮನೋರಮೆ ಅಲ್ಲಿ ಶಾಲೆ ನಡೆಸಿದರು. ಆಸ್ಪತ್ರೆಯ ಕಾರಿಡಾರಿನಲ್ಲಿ ರಾತ್ರಿ ಜೊತೆಗಿದ್ದವನ ಮಾತಿಗೆ ಬೆಳಿಗ್ಗೆ ಇರುವ ತೂಕ, ಬರೀ ತರ್ಕಕ್ಕೆ ಬರುವುದಿಲ್ಲ.

12. ಅಭ್ಯಾಸ ಮಾಡಿ

ಆತ್ಮವಿಶ್ವಾಸ ಪ್ರಾರ್ಥನೆಯಿಂದ ಮಾತ್ರ ಬರುವುದಿಲ್ಲ, ತಯಾರಿಯಿಂದಲೂ ಬರುತ್ತದೆ. ತಿಂಗಳಿಗೊಂದು ಕ್ರಮ ಹೀಗಿರಲಿ:

- ಮೊದಲ ವಾರ: ಮಾರ್ಕನ ಸುವಾರ್ತೆಯನ್ನು ಒಂದೇ ಪಟ್ಟಿಗೆ ಕೂತು ಓದಿ, ನಿಮಗೇ ಕಷ್ಟವೆನಿಸಿದ ಕಡೆ ಗುರುತು ಹಾಕಿ.
- ಎರಡನೆಯ ವಾರ: ನಿಮ್ಮ ನಂಬಿಕೆಯನ್ನು ಟೀಕಿಸುವ ಒಂದು ಒಳ್ಳೆಯ ಬರಹ ಓದಿ. ಅಂಬೇಡ್ಕರರಿಂದಲೇ ಶುರುವಾಗಲಿ.
- ಮೂರನೆಯ ವಾರ: ನಾಲ್ಕೈದು ಗೆಳೆಯರು ಸೇರಿ. ಒಬ್ಬರು ಎದುರು ಪಕ್ಷ ವಹಿಸಿ ಬಿಡದೆ ಕೇಳಲಿ. ಕನ್ನಡದಲ್ಲಿ ಒಮ್ಮೆ, ಮರಾಠಿಯಲ್ಲಿ ಒಮ್ಮೆ ಉತ್ತರಿಸಿ.
- ನಾಲ್ಕನೆಯ ವಾರ: ಬೇರೆ ನಂಬಿಕೆಯ ಗೆಳೆಯನೊಬ್ಬನನ್ನು ಅವನ ನಂಬಿಕೆಯ ಬಗ್ಗೆ ಕೇಳಿ. ನಿಮ್ಮದನ್ನು ಅವನು ಕೇಳಿದರೆ ಮಾತ್ರ ಹೇಳಿ.

ಯಶಸ್ಸನ್ನು ಅಳೆಯುವುದು ಹೇಗೆ? ಎದುರಿನವನು ಬಾಯಿ ಮುಚ್ಚಿದನೇ ಎಂದು ನೋಡಬೇಡಿ. ಬಾಯಿ ಮುಚ್ಚಿಸಿದವರ ಬಳಿಗೆ ಯಾರೂ ಎರಡನೆಯ ಸಲ ಬರುವುದಿಲ್ಲ. ಅವನು ಮೊದಲಿಗಿಂತ ಕಠಿಣವಾದ ಪ್ರಶ್ನೆ ಹಿಡಿದು ಮರಳಿ ಬಂದನೇ ನೋಡಿ. ಬಂದನೆಂದರೆ ನೀವು ಕೊಟ್ಟ ಉತ್ತರ ಅವನನ್ನು ಯೋಚಿಸುವಂತೆ ಮಾಡಿದೆ, ನಿಮ್ಮ ಮೇಲೆ ಅವನಿಗೆ ನಂಬಿಕೆ ಹುಟ್ಟಿದೆ. ಉಳಿದದ್ದು ಅವನಿಗೂ ದೇವರಿಗೂ ಬಿಟ್ಟದ್ದು.